ಹಲವು ಮಕ್ಕಳ ತಾಯಿ ಮತ್ತು ಖಲೀಫರ ಹಿಲ್ಯೂನ್

ಒಂದು ಗಿಡಕ್ಕೆ ಎಷ್ಟು ಹೆಸರುಗಳಿವೆ ಎಂದು ಎಣಿಸಿದರೆ, ಅದನ್ನು ಎಷ್ಟು ಬಗೆಯ ಜನ ಕೈಯಲ್ಲಿ ಹಿಡಿದು ನೋಡಿದ್ದಾರೆ ಎಂಬುದು ಸುಮಾರಾಗಿ ಗೊತ್ತಾಗುತ್ತದೆ. ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವೆ ಇರುವ ಗುಡೂರಿನ ಸೀಮೆಯಂಥ ಒಣ ನಾಡಿನ ಕುರುಚಲು ಗುಡ್ಡಗಳಲ್ಲಿ ಬೆಳೆಯುವ ಒಂದು ಮುಳ್ಳುಬಳ್ಳಿ ಇದೆ. ಸೂಜಿಯಂಥ ಎಲೆ, ಸಣ್ಣ ಬಿಳಿ ಹೂವು, ಮಾಗಿದಾಗ ಕೆಂಪಾಗುವ ಕಾಯಿ. ನೆಲ ಬಗೆದರೆ ಬೆರಳಿನಷ್ಟು ದಪ್ಪದ ಗಡ್ಡೆಬೇರುಗಳು ಒಂದೇ ಬುಡಕ್ಕೆ ಜೋತುಬಿದ್ದಿರುತ್ತವೆ. ಅದನ್ನು ಕಂಡೇ ಕನ್ನಡಿಗರು ಈ ಬಳ್ಳಿಯನ್ನು ‘ಹಲವು ಮಕ್ಕಳ ತಾಯಿ’ ಎಂದು ಕರೆದರು. ಆಷಾಢಿ ಬೇರು, ಮಜ್ಜಿಗೆ ಗಡ್ಡೆ ಎಂಬ ಹೆಸರುಗಳೂ ಉಂಟು. ವೈದ್ಯರು ಶತಾವರಿ ಎನ್ನುತ್ತಾರೆ, ಹಕೀಮರು ಸತಾವರ್ ಎನ್ನುತ್ತಾರೆ.

ಇನ್ನೊಂದು ಕಡೆ, ಬೆಂಗಳೂರಿನ ದೊಡ್ಡ ಅಂಗಡಿಗಳ ತಂಪು ಕಪಾಟಿನಲ್ಲಿ ಹಸಿರು ಕಡ್ಡಿಗಳ ಸಣ್ಣ ಕಟ್ಟೊಂದು ಸಿಗುತ್ತದೆ. ತುದಿಯಲ್ಲಿ ಬಿರಿಯದ ಮೊಗ್ಗಿನಂಥ ತಲೆ, ಕೆಳಗೆ ರಸ ತುಂಬಿದ ದಂಟು. ಬೆಲೆ ನೋಡಿ ಬಹಳ ಜನ ಮುಂದೆ ಹೋಗುತ್ತಾರೆ. ಇದರ ಹೆಸರು ಆಸ್ಪ್ಯಾರಗಸ್. ಅರಬರು ಇದನ್ನು ಹಿಲ್ಯೂನ್ ಎಂದರು, ಇರಾನಿನವರು ಮಾರ್‌ಚೂಬಾ ಎಂದರು, ಸ್ಪೇನಿನ ಮುಸ್ಲಿಮರು ಅಸ್‌ಫರಾಜ್ ಎಂದರು. ಕನ್ನಡದಲ್ಲಿ ಇದಕ್ಕೆ ಹೆಸರೇ ಇಲ್ಲ.

ಇವೆರಡೂ ಒಂದೇ ಕುಲದ ಗಿಡಗಳು. 1753ರಲ್ಲಿ ಲಿನೇಯಸ್ ಆ ತರಕಾರಿಗೆ ಆಸ್ಪ್ಯಾರಗಸ್ ಆಫಿಸಿನಾಲಿಸ್ ಎಂದು ಹೆಸರಿಟ್ಟ. 1799ರಲ್ಲಿ ವಿಲ್ಡೆನೋ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ನಮ್ಮ ಬಳ್ಳಿಯನ್ನು ಆಸ್ಪ್ಯಾರಗಸ್ ರೆಸಿಮೋಸಸ್ ಎಂದ. ನಾವು ಎಲೆ ಎಂದುಕೊಳ್ಳುವ ಆ ಸೂಜಿಗಳು ಎರಡರಲ್ಲೂ ನಿಜವಾದ ಎಲೆಗಳಲ್ಲ, ಎಲೆಯ ಕೆಲಸಕ್ಕೆ ನಿಂತ ಕಿರುಕಾಂಡಗಳು. ಮದುವೆಮನೆಯ ಹೂಗುಚ್ಛದಲ್ಲಿ ಗುಲಾಬಿಯ ಹಿಂದೆ ಸಿಕ್ಕಿಸುವ, ಹಸಿರು ಗರಿಯಂಥ ಸೊಪ್ಪು ಕೂಡ ಇದೇ ಕುಲದ, ಆಫ್ರಿಕಾದಿಂದ ಬಂದ ಇನ್ನೊಂದು ಸದಸ್ಯ.

ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ಒಬ್ಬ ಅಕ್ಕ ರೋಮಿನಿಂದ ಬಾಗ್ದಾದಿನವರೆಗೆ ರಾಜರ ತಟ್ಟೆಯಲ್ಲಿ ಕೂತಳು. ಇನ್ನೊಬ್ಬ ತಂಗಿ ಸಾವಿರಾರು ವರ್ಷ ಔಷಧಿಯ ಪಟ್ಟಿಯಲ್ಲಿದ್ದೂ ನಮ್ಮ ಹಿತ್ತಲಿಗೆ ಬರದೆ ಗುಡ್ಡದಲ್ಲೇ ಉಳಿದಳು. ಯಾಕೆ? ನನಗೆ ತೋರುವ ಉತ್ತರ ಸರಳವಾದದ್ದು. ಒಂದು ಲೋಕ ಚಿಗುರನ್ನು ತಿಂದಿತು, ಇನ್ನೊಂದು ಬೇರನ್ನು ಬಗೆಯಿತು. ಚಿಗುರು ಬೇಕಾದವರು ಬೇರನ್ನು ಕಾಪಾಡಲೇಬೇಕು. ಅದೇ ಬುಡ ಮುಂದಿನ ವರ್ಷವೂ ಚಿಗುರಬೇಕಲ್ಲ! ಹೀಗಾಗಿ ಅವರು ಮಡಿ ಮಾಡಿದರು, ಗೊಬ್ಬರ ಹಾಕಿದರು, ಹದಿನೈದು ಇಪ್ಪತ್ತು ವರ್ಷ ಒಂದೇ ಬುಡವನ್ನು ಕಾದರು. ಬೇರು ಬೇಕಾದವರು ಗುದ್ದಲಿ ಹಿಡಿದು ಗುಡ್ಡ ಹತ್ತಿದರು. ಗುಡ್ಡ ಕೊಡುತ್ತಿದ್ದಷ್ಟು ಕಾಲ ಬೆಳೆಸುವ ಯೋಚನೆ ಬರಲಿಲ್ಲ.

ಚಿಗುರಿನ ಕಥೆಯನ್ನು ಮೊದಲು ನೋಡೋಣ. ಅದು ಮೆಡಿಟರೇನಿಯನ್ ಕಡಲಿನ ದಂಡೆಯಲ್ಲಿ ಶುರುವಾಗುತ್ತದೆ. ಕ್ರಿ.ಪೂ. 160ರ ಸುಮಾರಿಗೆ ರೋಮಿನ ಕೇಟೋ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಈತ ರಾಜಕಾರಣಿ, ಮಹಾ ಜಿಪುಣ, ಕಡು ಸಂಪ್ರದಾಯಸ್ಥ. ಆದರೆ ಆಸ್ಪ್ಯಾರಗಸ್ ವಿಷಯ ಬಂದಾಗ ಅವನ ಬರಹಕ್ಕೆ ಒಬ್ಬ ರೈತನ ತಾಳ್ಮೆ ಬರುತ್ತದೆ. ತೇವ ಹಿಡಿಯುವ, ಗೊಬ್ಬರ ಉಂಡ ನೆಲ ಆರಿಸಬೇಕು. ನೇರ ಸಾಲಿನಲ್ಲಿ ಕುಳಿ ಮಾಡಿ ಎರಡು ಮೂರು ಬೀಜ ಹಾಕಬೇಕು. ಸಾಲುಗಳ ನಡುವೆ ಕಳೆ ತೆಗೆಯಲು ಜಾಗ ಬಿಡಬೇಕು. ಕಳೆ ತೆಗೆಯುವಾಗ ಬೇರಿಗೆ ಪೆಟ್ಟಾಗಬಾರದು. ಮೊದಲ ಚಳಿಗಾಲದಲ್ಲಿ ಹುಲ್ಲು ಹೊದಿಸಬೇಕು. ಮೊದಲ ವರ್ಷಗಳಲ್ಲಿ ಕೊಯ್ಯುವ ಆಸೆ ಬಿಡಬೇಕು. ಗೊಬ್ಬರದಲ್ಲಿ ಕುರಿಗೊಬ್ಬರವೇ ಒಳ್ಳೆಯದು, ಬೇರೆಯದರಲ್ಲಿ ಕಳೆ ಜಾಸ್ತಿ ಎನ್ನುತ್ತಾನೆ. ಹೊಲದಲ್ಲಿ ಕುರಿಹಿಂಡು ತರುಬಿಸಿ ನೆಲಕ್ಕೆ ಸಾರ ಕೊಡಿಸುವ ನಮ್ಮ ಬಯಲುಸೀಮೆಯ ರೈತರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಎರಡು ಸಾವಿರ ವರ್ಷಗಳ ನಂತರ ಇಂದಿನ ತೋಟಗಾರಿಕೆ ಕೈಪಿಡಿಗಳು ಹೇಳುವುದು ಇದಕ್ಕಿಂತ ಬಹಳ ಬೇರೆಯೇನಲ್ಲ.

ಕೇಟೋನ ನಂತರ ಎರಡು ಶತಮಾನ ಕಳೆಯುವಷ್ಟರಲ್ಲಿ ಅದು ಶ್ರೀಮಂತಿಕೆಯ ಗುರುತಾಯಿತು. ಇಟಲಿಯ ರವೆನ್ನಾದಲ್ಲಿ ಬೆಳೆದ ಕಡ್ಡಿಗಳು ಮೂರಕ್ಕೇ ಒಂದು ರೋಮನ್ ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 327 ಗ್ರಾಮು ತೂಗುತ್ತಿದ್ದವು ಎಂದು ಪ್ಲಿನಿ ಬರೆದ. ಯಾರು ಬೇಕಾದರೂ ಕಿತ್ತುಕೊಳ್ಳಲಿ ಎಂದು ಪ್ರಕೃತಿ ಕಾಡಿನಲ್ಲಿಟ್ಟದ್ದನ್ನು ಜನ ತೋಟಕ್ಕೆ ತಂದು ದುಬಾರಿ ಮಾಡಿದರು ಎಂಬುದು ಅವನ ತಕರಾರು. ಈ ತಕರಾರು ನ್ಯಾಯವೇ. ಆದರೆ ನಮ್ಮ ಶತಾವರಿಯ ಇಂದಿನ ಸ್ಥಿತಿ ನೋಡಿದರೆ ಪ್ಲಿನಿಯ ಮಾತನ್ನು ತಿರುಗಿಸಿ ಹಾಕಬೇಕೆನಿಸುತ್ತದೆ. ಯಾರು ಬೇಕಾದರೂ ಕಿತ್ತುಕೊಳ್ಳಬಹುದಾದ ಗಿಡವನ್ನು ನೆಡುವ ಜವಾಬ್ದಾರಿ ಯಾರದೂ ಆಗಲಿಲ್ಲ.

ರೋಮಿನ ನಂತರ ಈ ತರಕಾರಿಯ ಮಾತು ಜೋರಾಗಿ ಕೇಳುವುದು ಅಬ್ಬಾಸಿ ಖಲೀಫರ ಬಾಗ್ದಾದಿನಲ್ಲಿ. ಇತಿಹಾಸಕಾರ ಅಲ್-ಮಸ್ಊದಿ ಒಂದು ಪ್ರಸಂಗ ಹೇಳುತ್ತಾನೆ. ಖಲೀಫ ಅಲ್-ಮುಸ್ತಕ್ಫಿಯ ಎದುರು ಒಂದು ದಿನ ಬಗೆಬಗೆಯ ತಿನಿಸುಗಳ ಮೇಲೆ ಬರೆದ ಕವಿತೆಗಳನ್ನು ಓದುವ ಗೋಷ್ಠಿ ನಡೆಯಿತು. ಯಾವ ತಿನಿಸಿನ ಕವಿತೆ ಓದಿದರೋ ಆ ತಿನಿಸನ್ನು ಅಲ್ಲೇ ತರಿಸುವುದು ಅಲ್ಲಿನ ಆಟ. ಕವಿ ಕುಶಾಜಿಮ್ ಹಿಲ್ಯೂನ್ ಬಗ್ಗೆ ಬರೆದ ಪದ್ಯದ ಸರದಿ ಬಂತು. ಎಲ್ಲರ ಬಾಯಲ್ಲೂ ನೀರೂರಿರಬೇಕು. ಆದರೆ ಖಲೀಫ ಹೇಳಿದ್ದು ಬೇರೆ: ಈ ಋತುವಿನಲ್ಲಿ ನಮ್ಮ ನಾಡಿನಲ್ಲಿ ಅದು ಸಿಗುವುದಿಲ್ಲ, ದಮಾಸ್ಕಸಿನಿಂದ ಕಳಿಸೆಂದು ಇಖ್ಶೀದನಿಗೆ ಪತ್ರ ಬರೆದರೆ ಮಾತ್ರ ಸಿಕ್ಕೀತು.

ಇದು ತಮಾಷೆಯಂತೆ ಕಾಣುತ್ತದೆ. ಆದರೆ ಕಾಲವನ್ನು ನೆನೆದರೆ ಹಾಗಲ್ಲ. ಮುಸ್ತಕ್ಫಿ ಆಳಿದ್ದು 944ರಿಂದ 946ರವರೆಗೆ. ಇಖ್ಶೀದ್ ಎಂದರೆ ಮುಹಮ್ಮದ್ ಇಬ್ನ್ ತುಗ್ಜ್, ಈಜಿಪ್ಟು ಮತ್ತು ಸಿರಿಯಾವನ್ನು ಹೆಸರಿಗಷ್ಟೇ ಖಲೀಫರ ಪರವಾಗಿ ಆಳುತ್ತಿದ್ದವನು. ಸಾಮ್ರಾಜ್ಯ ಚೂರುಚೂರಾಗಿತ್ತು. ಒಂದು ಕಟ್ಟು ತರಕಾರಿಗೂ ಖಲೀಫ ತನ್ನ ಸಾಮಂತನನ್ನು ಕೇಳಬೇಕಾಗಿತ್ತು. 945ರಲ್ಲಿ ಬುವೈಹಿಗಳು ಬಾಗ್ದಾದನ್ನು ಹಿಡಿದರು. ಮುಂದಿನ ವರ್ಷ ಮುಸ್ತಕ್ಫಿಯನ್ನು ಪಟ್ಟದಿಂದ ಇಳಿಸಿ ಕಣ್ಣು ಕೀಳಿಸಿದರು. ಅರಮನೆಯ ಊಟದ ವರ್ಣನೆಗಳನ್ನು ಓದುವಾಗ ಬಾಣಸಿಗರ ಜಾಣ್ಮೆಯ ಜೊತೆ ಇಂಥದ್ದನ್ನೂ ಓದಿಕೊಳ್ಳಬೇಕಾಗುತ್ತದೆ.

ಆಸ್ಪ್ಯಾರಗಸ್ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಜಿರ್ಯಾಬನ ಹೆಸರು ಬರುತ್ತದೆ. ಅಬುಲ್ ಹಸನ್ ಅಲಿ ಇಬ್ನ್ ನಾಫಿ ಎಂಬ ಈ ಸಂಗೀತಗಾರ ಬಾಗ್ದಾದಿನಿಂದ ಹೊರಟು 822ರಲ್ಲಿ ಕೊರ್ಡೋಬಾ ಸೇರಿದ. ಅಲ್ಲಿನ ಅಮೀರ್ ಎರಡನೆಯ ಅಬ್ದುರ್ರಹ್ಮಾನ್ ಅವನನ್ನು ಆದರದಿಂದ ಬರಮಾಡಿಕೊಂಡ. ಹಾಡಿನ ಶಾಲೆ, ಕೂದಲು ಕತ್ತರಿಸುವ ರೀತಿ, ಋತುವಿಗೆ ತಕ್ಕ ಉಡುಪು, ಬಡಿಸುವ ಕ್ರಮ ಹೀಗೆ ಹಲವು ಸಂಗತಿಗಳನ್ನು ಅವನ ಹೆಸರಿಗೆ ಹಚ್ಚಲಾಗಿದೆ. ಸ್ಪೇನಿನವರಿಗೆ ಅಸ್‌ಫರಾಜ್ ತಿನ್ನಲು ಕಲಿಸಿದವನೂ ಅವನೇ ಎಂದು ಅಲ್-ಮಕ್ಕರಿ ಬರೆದಿದ್ದಾನೆ. ಮಕ್ಕರಿ ತೀರಿಕೊಂಡದ್ದು 1632ರಲ್ಲಿ. ಅಂದರೆ ಜಿರ್ಯಾಬ್ ಕಳೆದು ಏಳೂವರೆ ಶತಮಾನದ ಮೇಲೆ ಬರೆದ ಮಾತು ಇದು. ಹಳೆಯ ಗ್ರಂಥಗಳನ್ನು ಆಧರಿಸಿದ್ದರೂ ದಾರಿಯಲ್ಲಿ ಕಥೆ ಬೆಳೆದಿರುವುದು ಸಹಜ.

ಈ ಕಥೆಯನ್ನು ನಮ್ಮ ಭಾಷಣಗಳಲ್ಲಿ, ಲೇಖನಗಳಲ್ಲಿ ಯುರೋಪಿಗೆ ಆಸ್ಪ್ಯಾರಗಸ್ ಕೊಟ್ಟವರು ಮುಸ್ಲಿಮರು ಎಂದು ಹಿಗ್ಗಿಸುವುದುಂಟು. ಅದು ಸರಿಯಲ್ಲ. ರೋಮನ್ನರ ಕಾಲದಲ್ಲೇ ಸ್ಪೇನಿನ ಕಾದಿಸ್ ಪಟ್ಟಣದವನಾದ ಕೊಲುಮೆಲ್ಲ ತನ್ನ ಬೇಸಾಯದ ಗ್ರಂಥದಲ್ಲಿ ಆಸ್ಪ್ಯಾರಗಸ್ ಮಡಿಯ ವಿಚಾರ ಬರೆದಿದ್ದ. ಗಿಡ ಅಲ್ಲಿ ಇದ್ದೇ ಇತ್ತು. ಅಸ್‌ಫರಾಜ್ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಅದು ಪೂರ್ವದ ಅರಬರ ಹಿಲ್ಯೂನ್‌ನಿಂದ ಬಂದದ್ದಲ್ಲ, ಲ್ಯಾಟಿನ್ ಪದ ಅರಬ್ಬಿ ನಾಲಗೆಯಲ್ಲಿ ಹೊರಳಿ ಆದದ್ದು. ಜಿರ್ಯಾಬ್ ಮಾಡಿದ್ದು ಏನಾದರೂ ಇದ್ದರೆ ಇಷ್ಟು: ಹೊಲದ ಬದುವಿನಲ್ಲಿ ತಾನಾಗಿ ಏಳುತ್ತಿದ್ದುದನ್ನು ಅರಮನೆಯ ಊಟಕ್ಕೆ ಯೋಗ್ಯ ಎಂದು ತೋರಿಸಿದ. ನನ್ನ ಮಟ್ಟಿಗೆ ಅದೇ ಸಾಕಷ್ಟು ದೊಡ್ಡ ಕೆಲಸ. ಎಲ್ಲವೂ ನಮ್ಮಲ್ಲೇ ಮೊದಲು ಇತ್ತು ಎಂಬ ಬಡಾಯಿಗೆ ಯಾವ ಜಾತಿ ಧರ್ಮದವರೂ ಹೊರತಲ್ಲ. ಶತಾವರಿಯ ವಿಷಯದಲ್ಲೂ ಈ ಬಗೆಯ ಮಾತುಗಳು ಈಗ ಹೇರಳವಾಗಿವೆ.

ಅದೇ ಕೊರ್ಡೋಬಾದಲ್ಲಿ ನಡೆದ ಇನ್ನೊಂದು ಘಟನೆ ನನಗೆ ಜಿರ್ಯಾಬನ ಕಥೆಗಿಂತ ಮುಖ್ಯವಾಗಿ ಕಾಣುತ್ತದೆ. ಗ್ರೀಕ್ ವೈದ್ಯ ಡಯೋಸ್ಕೊರಿಡೀಸನ ಮೂಲಿಕೆಗಳ ಗ್ರಂಥವನ್ನು ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಇಸ್ತಿಫಾನ್ ಇಬ್ನ್ ಬಾಸಿಲ್ ಎಂಬ ಕ್ರೈಸ್ತ ವಿದ್ವಾಂಸ ಅರಬ್ಬಿಗೆ ತಂದಿದ್ದ. ಹುನೈನ್ ಇಬ್ನ್ ಇಸ್‌ಹಾಕ್ ಅದನ್ನು ತಿದ್ದಿದ್ದ. ಆದರೆ ಅರಬ್ಬಿ ಹೆಸರು ಸಿಗದ ಗಿಡಗಳನ್ನು ಇಸ್ತಿಫಾನ್ ಗ್ರೀಕ್ ಹೆಸರಿನಲ್ಲೇ ಬಿಟ್ಟಿದ್ದ. ಮುಂದೆ ಬಲ್ಲವರು ಯಾರಾದರೂ ತುಂಬಲಿ ಎಂಬುದು ಅವನ ಆಸೆ. 948ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಆ ಗ್ರಂಥದ ಗ್ರೀಕ್ ಪ್ರತಿಯೊಂದನ್ನು ಚಿತ್ರಗಳ ಸಮೇತ ಕೊರ್ಡೋಬಾಕ್ಕೆ ಉಡುಗೊರೆ ಕಳಿಸಿದ. ಅಲ್ಲಿ ಗ್ರೀಕ್ ಓದಬಲ್ಲವರು ಇರಲಿಲ್ಲ. 951ರಲ್ಲಿ ನಿಕೊಲಾಸ್ ಎಂಬ ಸನ್ಯಾಸಿ ಬಂದ. ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್, ಈ ಕ್ರೈಸ್ತ ಸನ್ಯಾಸಿ, ಮುಸ್ಲಿಂ ಹಕೀಮರು ಒಟ್ಟಿಗೆ ಕೂತು ಒಂದೊಂದೇ ಗಿಡದ ಗುರುತು ಹಚ್ಚಿದರು. ಹೆಸರು ಗೊತ್ತಿಲ್ಲದಿದ್ದರೆ ತಪ್ಪು ಬೇರು ರೋಗಿಯ ಹೊಟ್ಟೆಗೆ ಹೋಗುತ್ತದೆ ಎಂಬುದು ಅವರಿಗೆಲ್ಲ ಗೊತ್ತಿತ್ತು.

ಡಯೋಸ್ಕೊರಿಡೀಸನಲ್ಲಿ ಆಸ್ಪ್ಯಾರಗಸ್ ಬಗ್ಗೆ ಒಂದು ವಿಚಿತ್ರ ಮಾತಿದೆ. ಟಗರಿನ ಕೊಂಬನ್ನು ಜಜ್ಜಿ ಹೂಳಿದರೆ ಅದರಿಂದ ಆಸ್ಪ್ಯಾರಗಸ್ ಹುಟ್ಟುತ್ತದೆ ಎಂದು ಕೆಲವರು ಹೇಳುತ್ತಾರಂತೆ. ಕೊಂಬಿನಲ್ಲಿ ಸಾರಜನಕ ಬಹಳ, ನಿಧಾನವಾಗಿ ಕರಗುವ ಗೊಬ್ಬರ ಅದು. ಕೊಂಬು ಹೂತ ಜಾಗದಲ್ಲಿ ಇದ್ದ ಬೇರು ಚೆನ್ನಾಗಿ ಚಿಗುರಿದ್ದನ್ನು ಯಾರೋ ನೋಡಿ ಹಾಗೆ ಎಂದಿರಬಹುದು.

ಮಲಗದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸಿನಲ್ಲಿ ತೀರಿಕೊಂಡ ಇಬ್ನ್ ಅಲ್-ಬೈತಾರ್ ತನ್ನ ದೊಡ್ಡ ಮೂಲಿಕಾಕೋಶದಲ್ಲಿ ಹಿಲ್ಯೂನನ್ನು ಸೇರಿಸಿದ. ಅಡುಗೆಮನೆಯ ಗಿಡ ಹಕೀಮರ ಪೆಟ್ಟಿಗೆಗೂ ಬಂತು. ಈ ಪೆಟ್ಟಿಗೆ ಹೊತ್ತ ಯೂನಾನಿ ವೈದ್ಯ ಹಿಂದೂಸ್ತಾನಕ್ಕೆ ಬಂದಾಗ ಅದಕ್ಕೊಂದು ಬಿಕ್ಕಟ್ಟು ಎದುರಾಯಿತು. ಪುಸ್ತಕದಲ್ಲಿರುವ ಗಿಡಗಳು ಇಲ್ಲಿನ ಗುಡ್ಡದಲ್ಲಿ ಇರಲಿಲ್ಲ, ಗುಡ್ಡದಲ್ಲಿದ್ದ ಗಿಡಗಳು ಪುಸ್ತಕದಲ್ಲಿ ಇರಲಿಲ್ಲ. ಸಿಕಂದರ್ ಲೋದಿಯ ಮಂತ್ರಿ ಮಿಯಾನ್ ಭುವಾ 1512ರಲ್ಲಿ ಪಾರಸಿ ಭಾಷೆಯಲ್ಲಿ ಭಾರತೀಯ ವೈದ್ಯದ ದೊಡ್ಡ ಗ್ರಂಥವೊಂದನ್ನು ಸಿದ್ಧಪಡಿಸಿದ್ದು ಇಂಥ ಅಗತ್ಯದಿಂದಲೇ. ಚರಕ, ಸುಶ್ರುತರ ತಿಳಿವಳಿಕೆಯನ್ನು ಅದು ಹಕೀಮರ ಭಾಷೆಗೆ ತಂದಿತು.

ನಮ್ಮ ಕಡೆಯೂ ಈ ಕೆಲಸ ನಡೆಯಿತು. 1589ರಲ್ಲಿ ಬಿಜಾಪುರಕ್ಕೆ ಬಂದ ಮುಹಮ್ಮದ್ ಕಾಸಿಮ್ ಫರಿಶ್ತಾನನ್ನು ನಾವು ಇತಿಹಾಸಕಾರನೆಂದು ಮಾತ್ರ ಬಲ್ಲೆವು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಈತ ‘ದಸ್ತೂರ್ ಅಲ್-ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನೂ ಬರೆದ. ಭಾರತದ ವೈದ್ಯರ ಔಷಧಿ, ಚಿಕಿತ್ಸೆಗಳನ್ನು ಪಾರಸಿ ಬಲ್ಲ ಹಕೀಮರಿಗೆ ತಿಳಿಸುವುದು ಅದರ ಉದ್ದೇಶ. ಬಿಜಾಪುರಕ್ಕೂ ಗುಡೂರಿನ ಸೀಮೆಗೂ ನಡುವೆ ಕೃಷ್ಣೆ ಹರಿಯುತ್ತಾಳೆ, ಆದರೆ ಎರಡೂ ಆಗ ಒಂದೇ ರಾಜ್ಯ. ಆದಿಲ್‌ಶಾಹಿಗಳ ಆಸ್ಥಾನದ ಹಕೀಮ ಏನು ಬರೆದರೂ, ಬೇರು ಅಗೆದು ತರುವ ಕೈ ಇಂಥ ಹಳ್ಳಿಗಳದ್ದೇ ಆಗಿರಬೇಕು.

ಒಂದು ಸಂಗತಿ ಗಮನಿಸಬೇಕು. ಹಿಲ್ಯೂನ್ ಎಂಬ ಹೆಸರು ಕೈಯಲ್ಲೇ ಇತ್ತು. ಗಿಡಗಳು ನೋಡಲು ಹೋಲುತ್ತವೆ. ಆದರೂ ಇಲ್ಲಿನ ಹಕೀಮರು ಶತಾವರಿಗೆ ಆ ಹೆಸರು ಅಂಟಿಸಲಿಲ್ಲ. ಸಂಸ್ಕೃತದ ಹೆಸರನ್ನೇ ತಮ್ಮ ನಾಲಗೆಗೆ ಒಗ್ಗಿಸಿ ಸತಾವರ್ ಎಂದರು. ಇಂದಿಗೂ ಯೂನಾನಿ ಔಷಧಿ ಅಂಗಡಿಯಲ್ಲಿ ಅದೇ ಹೆಸರು. ಕೊರ್ಡೋಬಾದ ಆ ಎಚ್ಚರ ಇಲ್ಲೂ ಇತ್ತೆಂದು ನನಗನಿಸುತ್ತದೆ. ಇದು ಬೇರೆ ಗಿಡ, ಇದರ ಗುಣ ಬೇರೆ, ಇದನ್ನು ಬಲ್ಲವರು ಇಲ್ಲಿಯ ಜನ, ಆದ್ದರಿಂದ ಹೆಸರೂ ಅವರದ್ದೇ ಇರಲಿ.

ಆ ಇಲ್ಲಿಯ ಜನರಲ್ಲಿ ಹೆಚ್ಚಿನವರು ಹೆಂಗಸರು. ಶತಾವರಿ ಎಂದರೆ ನೂರು ಬೇರಿನದು ಎಂದು ಬಿಡಿಸುವುದು ರೂಢಿ. ಕಾಮೋತ್ತೇಜಕ ಪುಡಿಯ ಜಾಹೀರಾತುಗಳು ಅದನ್ನು ನೂರು ಗಂಡಂದಿರ ಹೆಣ್ಣು ಎಂದೂ ಬಿಡಿಸುತ್ತವೆ. ಕನ್ನಡದ ಹೆಸರಿನಲ್ಲಿ ಗಂಡಂದಿರ ಸುದ್ದಿಯಿಲ್ಲ, ಮಕ್ಕಳಿದ್ದಾರೆ. ಬಾಣಂತಿಗೆ ಹಾಲು ಬರಲೆಂದು ಬೇರಿನ ರಸವನ್ನೋ ಪುಡಿಯನ್ನೋ ಹಾಲಿನಲ್ಲಿ ಕೊಡುವುದು ಇದರ ಬಹುಕಾಲದ ಬಳಕೆ. ಮಲೆನಾಡಿನ ಕಡೆ ಬೇರನ್ನು ಮಜ್ಜಿಗೆಗೆ ಸೇರಿಸಿ ತಂಬುಳಿ ಮಾಡುತ್ತಾರೆ. ಅಂಟಿನುಂಡಿ ಕಟ್ಟುವ, ಅಳವಿ ಪಾಯಸ ಕಾಯಿಸುವ ಬಯಲುಸೀಮೆಯ ಬಾಣಂತನಕ್ಕೆ ಈ ಬೇರೂ ಹೊಂದುವಂಥದ್ದು. ಮುಸ್ಲಿಮರ ಮನೆ, ಲಿಂಗಾಯತರ ಮನೆ, ನೇಕಾರರ ಮನೆ ಎಂಬ ಭೇದ ಬಾಣಂತಿಯ ಕೋಣೆಯಲ್ಲಿ ಹೆಚ್ಚು ಇರುವುದಿಲ್ಲ. ಈ ಬೇರಿನಿಂದ ಹಾಲು ಹೆಚ್ಚುತ್ತದೆಯೇ ಎಂಬುದರ ಬಗ್ಗೆ ಆಧುನಿಕ ಪರೀಕ್ಷೆಗಳು ಚಿಕ್ಕವು, ಫಲಿತಾಂಶ ಒಂದೇ ರೀತಿ ಬಂದಿಲ್ಲ. ಆದ್ದರಿಂದ ವೈದ್ಯರನ್ನು ಕೇಳಿಯೇ ಕೊಡುವುದು ಒಳಿತು.

ಇನ್ನು ಆ ಚಿಗುರಿನ ಆಸ್ಪ್ಯಾರಗಸ್ ನಮ್ಮ ರಾಜ್ಯಕ್ಕೆ ಬಂದದ್ದು ಹಕೀಮರ ಜೊತೆಗಲ್ಲ, ಇಂಗ್ಲಿಷರ ಜೊತೆಗೆ. ಬೆಂಗಳೂರಿನ ಲಾಲ್‌ಬಾಗಿಗೆ 1760ರಲ್ಲಿ ಹೈದರ್ ಅಲಿ ತಳಹದಿ ಹಾಕಿದ, ಟಿಪ್ಪು ಬೆಳೆಸಿದ. 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಆ ಸುಲ್ತಾನರ ತೋಟಗಳನ್ನು ನೋಡಿ ಬರೆದಿಟ್ಟ. ಚೌಕ ಚೌಕವಾದ ಪಾತಿಗಳು, ನಡುವೆ ಓಡಾಡುವ ದಾರಿ, ದಾರಿಯ ಬದಿಗೆ ಸೈಪ್ರೆಸ್ ಮರಗಳು, ಹಣ್ಣಿನ ಗಿಡ ಮತ್ತು ಸೊಪ್ಪು ತರಕಾರಿ. ಒಂದೊಂದು ಗಿಡಕ್ಕೂ ಬೇರೆ ಬೇರೆ ಜಾಗ ಮೀಸಲಿಡುವುದು ಮುಸ್ಲಿಮರ ತೋಟದ ಪದ್ಧತಿ ಎಂಬುದನ್ನು ಆತ ವಿಶೇಷವಾಗಿ ಗುರುತಿಸಿದ. ಬಹುವರ್ಷದ ಬೆಳೆಯಾದ ಆಸ್ಪ್ಯಾರಗಸ್‌ಗೆ ಬೇಕಾದದ್ದು ಇಂಥದೇ ಪ್ರತ್ಯೇಕ ಪಾತಿ. ಆದರೆ ಅದಕ್ಕೆ ಒಲವು ತೋರಿಸಿದ್ದು ದಂಡಿನ ದೊರೆಗಳು. 1863ರಲ್ಲಿ ಪ್ರಕಟವಾದ ಫರ್ಮಿಂಜರ್ ಪಾದ್ರಿಯ ತೋಟಗಾರಿಕೆ ಕೈಪಿಡಿ ಬಂಗಾಳ ಮತ್ತು ಉತ್ತರ ಹಿಂದೂಸ್ತಾನದ ಬಂಗಲೆಗಳವರಿಗೆ ಅದನ್ನು ಬೆಳೆಯುವ ಬಗೆ ಹೇಳಿತು.

1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕೆಮರನ್ ಕಾಲದಲ್ಲಿ ಬಂದ ಚೌಚೌ ‘ಸೀಮೆ ಬದನೆ’ಯಾಗಿ ಸಾಂಬಾರಿಗೆ ಇಳಿಯಿತು. ಹೊರಗಿನಿಂದ ಬಂದದ್ದು ನಮ್ಮದಾಗುವಾಗ ಅದಕ್ಕೆ ‘ಸೀಮೆ’ಯೋ ‘ವಿಲಾಯತಿ’ಯೋ ಸೇರಿ ಒಂದು ಹೆಸರು ಹುಟ್ಟುತ್ತದೆ. ಆಸ್ಪ್ಯಾರಗಸ್‌ಗೆ ಅಂಥ ಹೆಸರು ಹುಟ್ಟಲಿಲ್ಲ. ಅದು ದಂಡಿನಿಂದ ಪೇಟೆಗೆ ಇಳಿಯಲಿಲ್ಲ ಎಂದೇ ಇದರ ಅರ್ಥ. ಮೂರು ವರ್ಷ ಕಾದು, ಆಮೇಲೆ ಕೆಲವೇ ವಾರ ಸಿಗುವ ನಾಲ್ಕು ಕಡ್ಡಿಗಾಗಿ ಒಂದು ಪಾತಿಯನ್ನು ಕಟ್ಟಿಹಾಕುವುದು ದುಡಿದುಣ್ಣುವವರಿಗೆ ಆಗದ ಮಾತು.

ಈಗ ಗುಡೂರಿಗೆ ಬರೋಣ. ಇಳಕಲ್ಲ ಸೀರೆ ನೇಯುವ ಊರುಗಳ ಸಾಲಿನಲ್ಲಿ ಬರುವ ಊರು ಇದು. ನೇಕಾರರ ಮನೆಯೊಳಗೆ ಕುಣಿಮಗ್ಗ, ಕಂಡಿಕೆ ಸುತ್ತುವ ರಾಟಿ, ಹಿಂದೆ ಜಾಗವಿದ್ದರೆ ಬಚ್ಚಲ ನೀರು ಹರಿಯುವ ಹಿತ್ತಲು. ಕರಿಬೇವು, ಬಾಳೆ, ನುಗ್ಗೆಗೆ ಅದೇ ನೀರು. ಜಿಲ್ಲೆಯಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ. ಇಂಥ ಕಡೆ ಆಸ್ಪ್ಯಾರಗಸ್ ಬೆಳೆದೀತೇ?

ಬೆಳೆಯುತ್ತದೆ, ಆದರೆ ಸತಾಯಿಸುತ್ತದೆ. ಈ ಗಿಡಕ್ಕೆ ವರ್ಷದಲ್ಲಿ ಒಂದಷ್ಟು ಕಾಲ ನಿದ್ದೆ ಬೇಕು. ತಣ್ಣನೆ ನಾಡಿನಲ್ಲಿ ಚಳಿಗಾಲ ಅದನ್ನು ಮಲಗಿಸುತ್ತದೆ. ಇಲ್ಲಿ ಚಳಿ ಸಾಲದು, ಹಾಗಾಗಿ ನೀರು ನಿಲ್ಲಿಸಿ ಮಲಗಿಸಬೇಕಾಗುತ್ತದೆ. ಬಿಸಿಲು ಏರಿದರೆ ಕಡ್ಡಿಯ ತಲೆ ಬೇಗ ಬಿಚ್ಚಿಕೊಂಡು ನಾರಾಗುತ್ತದೆ, ಆದ್ದರಿಂದ ದಿನವೂ ಬೆಳಿಗ್ಗೆಯೇ ಕೊಯ್ಯಬೇಕು. ಥಾಯ್ಲೆಂಡ್, ತೈವಾನ್‌ಗಳ ಬಿಸಿ ನೆಲದಲ್ಲಿ ರೈತರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಪ್ರತಿ ಬುಡದಲ್ಲಿ ಮೂರರಿಂದ ಐದು ಕಡ್ಡಿಗಳನ್ನು ಕೊಯ್ಯದೆ ಪೂರ್ತಿ ಬೆಳೆಯಲು ಬಿಡುತ್ತಾರೆ. ಅವು ತಾಯಿಕಾಂಡಗಳು. ಅವು ಬೇರಿಗೆ ಊಟ ಕಳಿಸುತ್ತಿರುತ್ತವೆ, ಹೊಸದಾಗಿ ಏಳುವ ಕಡ್ಡಿಗಳನ್ನು ಕೊಯ್ಯುತ್ತ ಹೋಗುತ್ತಾರೆ. ಎರೆಯಲ್ಲಾದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಉಸುಕು, ಕುರಿಗೊಬ್ಬರ ಬೆರೆಸಿ ಏರುಮಡಿ ಮಾಡಬೇಕು. ಮಸಾರಿಯಲ್ಲಿ ಅಷ್ಟು ಕಷ್ಟವಿಲ್ಲ.

ಹಿತ್ತಲಿನಲ್ಲಿ ಹವ್ಯಾಸಕ್ಕೆ ನಾಲ್ಕು ಬುಡ ಇಟ್ಟರೆ ತೊಂದರೆಯಿಲ್ಲ. ಆದರೆ ಹೊಲಗಟ್ಟಲೆ ಹಾಕಿ ಶ್ರೀಮಂತರಾಗಬಹುದು ಎನ್ನುವವರು ಪೆರು ದೇಶದ ಇಕಾ ಕಣಿವೆಯ ಸುದ್ದಿ ಓದಬೇಕು. ಅದು ಬಹುತೇಕ ಮಳೆಯೇ ಇಲ್ಲದ ಮರುಭೂಮಿ. 1990ರ ದಶಕದಿಂದ ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಆಸ್ಪ್ಯಾರಗಸ್ ಬೆಳೆದು ಅಮೆರಿಕ, ಯುರೋಪುಗಳಿಗೆ ಕಳಿಸತೊಡಗಿದರು. ಪೆರು ಜಗತ್ತಿನ ದೊಡ್ಡ ರಫ್ತುದಾರ ಆಯಿತು. ಜೊತೆಗೆ ಇಕಾದ ಅಂತರ್ಜಲ ಇಳಿಯುತ್ತ ಹೋಯಿತು, ಸಣ್ಣ ರೈತರ ಬಾವಿಗಳು ಒಣಗಿದವು. ಬಾಗಲಕೋಟೆ ಜಿಲ್ಲೆಯ ಒಣ ತಾಲ್ಲೂಕುಗಳಲ್ಲಿ ಕೊಳವೆಬಾವಿ ಕೊರೆಸಿದ ಯಾವ ರೈತನಿಗೂ ಈ ಕಥೆ ಹೊಸದಲ್ಲ.

ನಾನು ಹೇಳಹೊರಟದ್ದು ತಂಗಿಯ ವಿಷಯ. ಶತಾವರಿಗೆ ಇಷ್ಟೆಲ್ಲ ಉಪಚಾರ ಬೇಡ. ಒಣನೆಲ ಅದರ ಸ್ವಂತ ಮನೆ. ಆದರೆ ಬೇಡಿಕೆ ಹೆಚ್ಚಿದಂತೆ ಗುಡ್ಡದ ಬಳ್ಳಿ ಕಡಿಮೆಯಾಗುತ್ತಿದೆ. ಬೇರು ತೆಗೆದರೆ ಗಿಡ ಹೋಯಿತು. ಕೆಂಪು ಕಾಯಿ ಮಾಗಿ ಹಕ್ಕಿ ತಿಂದು ಬೀಜ ಬೀಳಿಸುವ ಮೊದಲೇ ಅಗೆದರೆ ಆ ಜಾಗದಲ್ಲಿ ಮತ್ತೆ ಹುಟ್ಟುವುದು ಕಷ್ಟ. ಅಗೆಯುವವರು ಬಡವರು, ಅವರಿಗೆ ಸಿಗುವುದು ಹಸಿಬೇರಿನ ಅಲ್ಪ ಬೆಲೆ. ಪುಡಿಯಾಗಿ ಡಬ್ಬಿಗೆ ಹೋದಮೇಲೆ ಲಾಭ ಬೇರೆಯವರದು. ಬೇರು ಸಾಲದಾದಾಗ ಇದೇ ಕುಲದ ಬೇರೆ ಗಿಡಗಳ ಬೇರನ್ನು ಬೆರೆಸುವುದೂ ನಡೆಯುತ್ತದೆ. ಒಣಗಿಸಿ ಪುಡಿ ಮಾಡಿದ ಮೇಲೆ ಗುರುತಿಸುವವರು ಯಾರು? 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಮೂಲಿಕೆಗಳನ್ನು ಅವು ಬೆಳೆಯುವ ಕಾಡಿನಲ್ಲೇ ಉಳಿಸುವ ಕೆಲಸ ಮಾಡಿದೆ. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿ ಶತಾವರಿಯನ್ನು ಬೆಳೆಸಲು ಆದ್ಯತೆ ಕೊಡಬೇಕಾದ ಗಿಡಗಳ ಪಟ್ಟಿಯಲ್ಲಿ ಸೇರಿಸಿತು. ಪಟ್ಟಿಯಲ್ಲಿದ್ದದ್ದು ಹಿತ್ತಲಿಗೆ ಬರಬೇಕಾದರೆ ಮನೆಯವರೇ ಮನಸ್ಸು ಮಾಡಬೇಕು. ಜಿಲ್ಲೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಅನುಮಾನ ಬಂದರೆ ಕೇಳಲು ದೂರ ಹೋಗಬೇಕಾಗಿಲ್ಲ.

ಮಾಡುವ ರೀತಿ ಇಷ್ಟೇ. ಕಾಯಿ ಕೆಂಪಾಗಿ ಮಾಗಿದಾಗ ಬಿಡಿಸಿ ಕರಿಬೀಜ ತೆಗೆದಿಟ್ಟುಕೊಳ್ಳಬೇಕು. ಬೀಜದ ಸಿಪ್ಪೆ ಗಟ್ಟಿ, ಆದ್ದರಿಂದ ಬಿತ್ತುವ ಮೊದಲು ನೀರಿನಲ್ಲಿ ನೆನೆಹಾಕಬೇಕು. ಆದರೂ ಎಲ್ಲ ಬೀಜ ಹುಟ್ಟುವುದಿಲ್ಲ, ಹುಟ್ಟುವುದಕ್ಕೂ ವಾರಗಟ್ಟಲೆ ಬೇಕು. ಜೂನ್ ಮಳೆಗೆ ಸಸಿಮಡಿಯಲ್ಲಿ ಬಿತ್ತಿ, ಸಸಿ ಗೇಣುದ್ದ ಆದಮೇಲೆ ಎರಡು ಮೂರು ಅಡಿ ಅಂತರದಲ್ಲಿ ನೆಡಬೇಕು. ಹಬ್ಬಲು ಬೇಲಿಯನ್ನೋ ನಾಲ್ಕು ಕೋಲನ್ನೋ ತೋರಿಸಿದರೆ ಆಯಿತು. ಮುಳ್ಳಿರುವುದರಿಂದ ಮಕ್ಕಳು ಓಡಾಡುವ ದಾರಿಯಿಂದ ದೂರವಿರಲಿ. ಬಚ್ಚಲ ನೀರು ನಡೆಯುತ್ತದೆ, ಆದರೆ ಸೋಪಿನ ನೊರೆ ನೇರವಾಗಿ ಬುಡಕ್ಕೆ ಬೀಳಬಾರದು, ನೀರು ನಿಲ್ಲಲೂಬಾರದು. ಮಳೆಗಾಲದ ಎಳೆ ಚಿಗುರನ್ನು ಪಲ್ಯ ಮಾಡುವ ಜನ ಪಕ್ಕದ ಮಹಾರಾಷ್ಟ್ರದಲ್ಲಿ ಇದ್ದಾರೆ. ಎಂದರೆ ಅಕ್ಕನ ಗುಣ ತಂಗಿಗೂ ಇದೆ. ಬಳ್ಳಿ ಬಲಿತ ಮೇಲೆ ಒಂದೆರಡು ಚಿಗುರು ಮುರಿದು ರುಚಿ ನೋಡಬಹುದು. ತುಸು ಕಹಿ ಇರುತ್ತದೆ.

ಬೇರಿಗೆ ಒಂದೂವರೆ ಎರಡು ವರ್ಷ ಕಾಯಬೇಕು. ಬಳ್ಳಿ ಹಳದಿಯಾಗುವ ಚಳಿಗಾಲದಲ್ಲಿ ಬುಡದಿಂದ ತುಸು ದೂರದಲ್ಲಿ ಗುದ್ದಲಿ ಹಾಕಿ ಮಣ್ಣು ಸಡಿಲಿಸಿ, ಒಂದು ಬದಿಯ ಬಲಿತ ಗಡ್ಡೆಗಳನ್ನಷ್ಟೇ ಬಿಡಿಸಿಕೊಳ್ಳಬೇಕು. ಹಸಿಯಿರುವಾಗಲೇ ಸಿಪ್ಪೆ ಸುಲಿದು ನಡುವಿನ ನಾರು ಎಳೆದು ನೆರಳಲ್ಲಿ ಒಣಗಿಸಬೇಕು. ಪೂರ್ತಿ ಅಗೆಯಬೇಕಾಗಿ ಬಂದರೂ, ಕಣ್ಣುಗಳಿರುವ ಮೇಲಿನ ಬುಡವನ್ನು ನಾಲ್ಕಾರು ಗಡ್ಡೆಗಳ ಸಮೇತ ಕತ್ತರಿಸಿ ಅದೇ ಗುಂಡಿಗೆ ಹೂತು ಮಣ್ಣೆಳೆಯಬೇಕು. ಬುಡ ದೊಡ್ಡದಿದ್ದರೆ ಎರಡು ಮೂರು ಪಾಲು ಮಾಡಬಹುದು. ಒಂದು ಪಾಲು ನೆರೆಮನೆಯ ಹಿತ್ತಲಿಗೆ ಕೊಟ್ಟರೆ ಮುಂದಿನ ಮಳೆಗೆ ಅಲ್ಲೂ ಚಿಗುರುತ್ತದೆ.